ಕಣಿಕೆ ದನಕ್ಕೋ, ನೆಲಕ್ಕೋ: ಪುಣೆ ಜಿಲ್ಲೆಯ ಒಂದು ಒಣಬೇಸಾಯದ ಹೊಲದಲ್ಲಿ ಏಳು ವರ್ಷದ ಇಂಗಾಲದ ಲೆಕ್ಕ

ಹಿನ್ನೆಲೆ

ಘಟ್ಟದ ಮೇಲೆ ಮಳೆ ಸುರಿದು ಮುಗಿದ ಮೇಲೆ ಪುಣೆ ಜಿಲ್ಲೆಯ ಪೂರ್ವದ ತಾಲೂಕುಗಳಾದ ಶಿರೂರು, ದೌಂಡ, ಪುರಂದರ, ಬಾರಾಮತಿ, ಇಂದಾಪುರಗಳ ಪಾಲಿಗೆ ಉಳಿಯುವುದು ವರ್ಷಕ್ಕೆ 450ರಿಂದ 600 ಮಿಲಿಮೀಟರ್. ಅದರಲ್ಲೂ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರಿನಲ್ಲಿ. ಕಾಲುವೆ ನೀರು ಮುಟ್ಟಿದಲ್ಲಿ ಕಬ್ಬು, ಮುಟ್ಟದಲ್ಲಿ ಹಿಂಗಾರಿ ಬಿಳಿಜೋಳ. ಇಲ್ಲಿ ಹೇಳುವ ಹೊಲ ಈ ತಾಲೂಕುಗಳ ಪೈಕಿ ಒಂದರಲ್ಲಿದೆ, ಕಾಲುವೆಯ ಮೇಲ್ಮಗ್ಗುಲಿಗೆ. ಒಡೆಯರು ವಿಜಯಪುರ ಕಡೆಯಿಂದ ಬಂದ ಕನ್ನಡದ ಮನೆಯವರು. ಹಿರಿಯರು ಪಿಂಪ್ರಿಯ ಕಾರ್ಖಾನೆಯಲ್ಲಿ ದುಡಿದು, ನಿವೃತ್ತಿಯ ಹೊತ್ತಿಗೆ 14 ಎಕರೆ ಕೊಂಡವರು. ಈಗ ಬೇಸಾಯ ಮಗನದ್ದು, ಹೈನು ಸೊಸೆಯದ್ದು. ಊರು, ಹೆಸರು, ತಾಲೂಕು ಮುಚ್ಚಿಟ್ಟಿದ್ದೇವೆ.

ಹೊಲ ಒಂದೇ ತರದ್ದಲ್ಲ. ಆರು ಎಕರೆ ಮೂರಡಿಗೂ ಆಳದ ಎರೆ, ಅಂದರೆ ಜಿಗುಟು ಕಪ್ಪು ಮಣ್ಣು. ಅಲ್ಲಿ ಮಾಲದಂಡಿ ಜೋಳ, ಸರದಿಯಲ್ಲಿ ಒಂದೆರಡು ಎಕರೆ ಕಡಲೆ. ಐದು ಎಕರೆ ಒಂದೂವರೆ ಅಡಿ ಆಳದ ಮಧ್ಯಮ ಕಪ್ಪು ಮಣ್ಣು, ಕೆಳಗೆ ಗರಸು. ಅಲ್ಲಿ ಮುಂಗಾರಿಗೆ ಸಜ್ಜೆ, ಅಕ್ಕಡಿಯಾಗಿ ತೊಗರಿ. ಉಳಿದ ಮೂರು ಎಕರೆ ಮಡ್ಡಿ, ಅಂದರೆ ಗರಸುಕಲ್ಲಿನ ನೆಲ. ಮಳೆ ಕಂಡರೆ ಹುರುಳಿ, ಮಡಕಿ, ಇಲ್ಲದಿದ್ದರೆ ಬೀಳು. ಕೊಟ್ಟಿಗೆಯಲ್ಲಿ ಎರಡು ಎತ್ತು, ಮೂರು ಮಿಶ್ರತಳಿ ಆಕಳು, ಎರಡು ಎಮ್ಮೆ, ಹನ್ನೊಂದು ಆಡು.

ಸಮಸ್ಯೆ ಕಂಡದ್ದು ಒಂದು, ಇದ್ದದ್ದು ಇನ್ನೊಂದು

2016ರ ಮೇ ತಿಂಗಳ ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಎರೆಯಲ್ಲಿ ಶೇ. 0.38, ಮಧ್ಯಮ ಮಣ್ಣಿನಲ್ಲಿ 0.31, ಮಡ್ಡಿಯಲ್ಲಿ 0.44 ಬಂತು. 0.5ಕ್ಕಿಂತ ಕೆಳಗಿದ್ದರೆ ಚೀಟಿಯಲ್ಲಿ ‘ಕಡಿಮೆ’ ಎಂದು ಬರೆಯುತ್ತಾರೆ. ಮೂರಕ್ಕೂ ಅದೇ ಬರಹ. ರಸಸಾರ (ಪಿಎಚ್) 8.3, ಬಿಡಿ ಸುಣ್ಣ ಶೇ. 9. ಮೊದಲ ದೊಡ್ಡ ಮಳೆಗೇ ಮೇಲ್ಮಣ್ಣು ಹೆಪ್ಪುಗಟ್ಟಿ ನೀರು ಹರಿದು ಹೋಗುತ್ತಿತ್ತು, ಜೋಳ ಎಕರೆಗೆ ನಾಲ್ಕೈದು ಕ್ವಿಂಟಲ್ ದಾಟುತ್ತಿರಲಿಲ್ಲ. ಉಳುಮೆ ಅಪರೂಪಕ್ಕೆ ಕಾಣುವ ಮಡ್ಡಿಯಲ್ಲಿ ಇಂಗಾಲ ಹೆಚ್ಚು, ವರ್ಷವಿಡೀ ದುಡಿಯುವ ಎರೆಯಲ್ಲಿ ಕಡಿಮೆ. ಈ ಸುಳಿವು ಚೀಟಿಯಲ್ಲೇ ಇತ್ತು, ಆಗ ಯಾರ ಕಣ್ಣಿಗೂ ಬೀಳಲಿಲ್ಲ.

ಮಗನ ಲೆಕ್ಕ ಸರಳವಾಗಿತ್ತು: ಇಂಗಾಲ ಕಡಿಮೆಯಾಗಿದೆ, ಗೊಬ್ಬರ ತಂದು ಹಾಕಿದರಾಯಿತು. ಆದರೆ ಹೊಲದಿಂದ ಏನೇನು ಹೊರಗೆ ಹೋಗುತ್ತಿದೆ ಎಂದು ಕೂತು ಬರೆದಾಗ ಕಂಡ ಚಿತ್ರವೇ ಬೇರೆ. ಕಣಿಕೆ, ಅಂದರೆ ಜೋಳದ ಒಣ ದಂಟು, 55 ಕ್ವಿಂಟಲ್ ಬೆಳೆದರೆ ಅದರಲ್ಲಿ 30 ಕ್ವಿಂಟಲ್ ಫೆಬ್ರವರಿಯಲ್ಲಿ ಪುಣೆ ಸುತ್ತಲಿನ ದನದ ಗೋಠೆಗಳಿಗೆ ಮಾರಾಟ. ಒಣ ಕಣಿಕೆಯಲ್ಲಿ ಶೇ. 42ರಷ್ಟು ಇಂಗಾಲ ಎಂದು ಹಿಡಿದರೆ ಅದೊಂದರಲ್ಲೇ 1.26 ಟನ್ ಇಂಗಾಲ ಗಾಡಿ ಹತ್ತಿ ಹೋಗುತ್ತಿತ್ತು. ಮೇ ತಿಂಗಳಲ್ಲಿ ಅದೇ ಮನೆಯವರು ಹೆಚ್ಚುಕಡಿಮೆ ಎರಡು ಪಟ್ಟು ದರಕ್ಕೆ ಮೇವು ಕೊಳ್ಳುತ್ತಿದ್ದರು! ಐದಾರು ಟ್ರಾಲಿ ಗೊಬ್ಬರದಲ್ಲಿ ಮೂರು ದಾಳಿಂಬೆ ತೋಟದವರಿಗೆ ಹೋಗುತ್ತಿತ್ತು. ಒಂದಿಷ್ಟು ಸಗಣಿ ಕುಳ್ಳಾಗುತ್ತಿತ್ತು, ತೊಗರಿ ಕಟ್ಟಿಗೆ ಬದುವಿನ ಮೇಲೆ ಉರಿಯುತ್ತಿತ್ತು.

ಇನ್ನು ಒಳಬರುವ ಲೆಕ್ಕ. ಏಳು ದೊಡ್ಡ ದನಗಳಿಂದ ದಿನಕ್ಕೆ ತಲಾ 11 ಕಿಲೋದಂತೆ ವರ್ಷಕ್ಕೆ 28 ಟನ್ ಹಸಿ ಸಗಣಿ. ಒಣಗಿದರೆ ಐದೂವರೆ ಟನ್, ಅದರಲ್ಲಿ ಇಂಗಾಲ ಎರಡು ಟನ್ ಚಿಲ್ಲರೆ. ಎಲ್ಲವನ್ನೂ ಗುಡಿಸಿ ತರಲಾಗದು, ಮೇಲಾಗಿ ಬಯಲು ತಿಪ್ಪೆಯಲ್ಲಿ ಅರ್ಧಕ್ಕೂ ಹೆಚ್ಚು ಗಾಳಿಗೆ ಹೋಗುತ್ತದೆ. ಒಂದು ಚಮಚೆ ಮಾರದೆ ಇಟ್ಟುಕೊಂಡರೂ ಹೊಲಕ್ಕೆ ಸೇರುವುದು 0.8ರಿಂದ 1 ಟನ್. 14 ಎಕರೆಗೆ, ಅಂದರೆ 5.7 ಹೆಕ್ಟೇರಿಗೆ ಹಂಚಿದರೆ ಹೆಕ್ಟೇರಿಗೆ 0.2 ಟನ್ ಕೂಡ ಇಲ್ಲ. ಇಂಥ ಬಿಸಿಲಿನ ನೆಲದಲ್ಲಿ ಇಂಗಾಲ ಇದ್ದಷ್ಟೇ ಉಳಿಯಲೂ ವರ್ಷಕ್ಕೆ ಹೆಕ್ಟೇರಿಗೆ ಒಂದು ಟನ್ನಿನ ಆಸುಪಾಸು ಒಳಹೋಗಬೇಕು. ಸಗಣಿಯೊಂದರಿಂದ ಆಗುವ ಕೆಲಸವಲ್ಲ ಎಂಬುದು ಇಲ್ಲಿಗೇ ಗೊತ್ತಾಗುತ್ತದೆ. ಬಾಕಿ ಬರಬೇಕಾದದ್ದು ಬೇರಿನಿಂದ, ಕೂಳೆಯಿಂದ, ಉದುರಿದ ಎಲೆಯಿಂದ.

ಮೊದಲ ವರ್ಷದ ಸುಳ್ಳು ಏರಿಕೆ

ಈ ಲೆಕ್ಕ ಬರೆಯುವ ಮೊದಲೇ ಮಗ ಹತ್ತು ಟ್ರಾಲಿ ಕಾಂಪೋಸ್ಟ್ ಕೊಂಡಾಗಿತ್ತು. ಎರಡೂವರೆ ಎಕರೆ ಎರೆಗೆ ಮೇ ತಿಂಗಳಲ್ಲೇ ಗುಪ್ಪೆ ಗುಪ್ಪೆಯಾಗಿ ಇಳಿಸಿ, ಮಳೆ ಬರುವ ತನಕ ಐದು ವಾರ ಬಿಸಿಲಿಗೆ ಬಿಟ್ಟಿದ್ದರು. ಆ ಐದು ವಾರದಲ್ಲಿ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಗುಪ್ಪೆ ಇದ್ದ ಜಾಗಕ್ಕೆ ಹೆಚ್ಚು, ನಡುವಿನ ನೆಲಕ್ಕೆ ಕಡಿಮೆ ಗೊಬ್ಬರ ಸೇರುತ್ತದೆ. ಜೋಳದಲ್ಲಿ ಆ ವರ್ಷ ಕಡುಹಸಿರು ಗುಂಡುಗುಂಡಾಗಿ ಎದ್ದು ಕಂಡದ್ದು ಇದರಿಂದಲೇ.

2017ರ ಜನವರಿಯಲ್ಲಿ ಆ ತಾಕಿನ ಮಣ್ಣು ಕಳಿಸಿದರೆ 0.61 ಬಂತು. ಎಂಟು ತಿಂಗಳಲ್ಲಿ 0.38ರಿಂದ 0.61! ಮನೆಯಲ್ಲಿ ಸಂಭ್ರಮ. ಇದು ಸಾಧ್ಯವೇ ಎಂದು ಕೇಳಬೇಕಿತ್ತು. 0.23ರ ಏರಿಕೆ ಎಂದರೆ ಮೇಲಿನ 15 ಸೆಂಟಿಮೀಟರಿನಲ್ಲಿ ಹೆಕ್ಟೇರಿಗೆ ನಾಲ್ಕು ಟನ್ನಿಗೂ ಮಿಕ್ಕಿದ ಇಂಗಾಲ. ಹಾಕಿದ್ದರಲ್ಲಿ ಕೊಳೆತು ಹೋಗುವ ದೊಡ್ಡ ಪಾಲನ್ನು ಕಳೆದರೆ ಅಷ್ಟು ಉಳಿಯುವ ಮಾತೇ ಇಲ್ಲ. ತಪ್ಪು ಮಣ್ಣು ತೆಗೆದ ರೀತಿಯಲ್ಲಿತ್ತು. ನಾಲ್ಕು ಬೆರಳು ಆಳಕ್ಕಷ್ಟೇ ತೋಡಿ, ಗುಪ್ಪೆ ಇದ್ದ ಸಾಲಿನಲ್ಲೇ ತೆಗೆದು, ಗೊಬ್ಬರದ ಚೂರು ಸಮೇತ ಕಳಿಸಿದ್ದರು. ಏಪ್ರಿಲಿನಲ್ಲಿ ಸರಿಯಾಗಿ ತೆಗೆದಾಗ ಬಂದದ್ದು 0.41.

ಅಲ್ಲಿಂದಾಚೆ ಮಣ್ಣು ತೆಗೆಯುವ ಕ್ರಮವನ್ನು ಒಂದು ವಹಿಯಲ್ಲಿ ಬರೆದಿಟ್ಟು, ಅದನ್ನು ಬದಲಿಸಲೇ ಇಲ್ಲ. ಇದೇ ಕ್ರಮ ಯಾರಿಗೂ ನಡೆಯುತ್ತದೆ. ಹಿಂಗಾರಿ ಕೊಯ್ಲಾದ ಮೇಲೆ, ಗೊಬ್ಬರ ಬೀಳುವ ಮುಂಚೆ, ಏಪ್ರಿಲ್ ಕೊನೆಗೆ. ಪ್ರತಿ ತಾಕಿನಲ್ಲೂ ಗುರುತಿಟ್ಟ ಹನ್ನೆರಡು ಜಾಗ. ಮೊಬೈಲಿನಲ್ಲಿ ಜಾಗದ ಗುರುತು ಉಳಿಸಿಕೊಂಡರೆ ಸಾಕು. ಬದು, ಗಿಡದ ನೆರಳು, ದನ ಕಟ್ಟುವ ಜಾಗ, ತಿಪ್ಪೆಯ ದಾರಿ ಬಿಟ್ಟು. 0–15 ಮತ್ತು 15–30 ಸೆಂಟಿಮೀಟರ್ ಬೇರೆ ಬೇರೆ ಬುಟ್ಟಿಗೆ. ಎರೆ ಬಿರಿದಿರುವಾಗ ಬಿರುಕಿನೊಳಗೆ ಬಿದ್ದ ಮೇಲ್ಮಣ್ಣು ಕೆಳಗಿನ ಬುಟ್ಟಿಗೆ ಸೇರದಂತೆ ನೋಡಬೇಕು. ನೆರಳಲ್ಲಿ ಒಣಗಿಸಿ, ಕಡ್ಡಿ ಬೇರು ಆರಿಸಿ, ಎರಡು ಮಿಲಿಮೀಟರ್ ಜರಡಿ ಹಿಡಿದು, ಅರ್ಧ ಕಿಲೋ ಕಳಿಸುವುದು. ಪ್ರತಿ ಸಲ ಹೊಸ ಮಣ್ಣಿನ ಜೊತೆ 2017ರ ಒಂದೇ ಡಬ್ಬಿಯ ಹಳೆ ಮಣ್ಣನ್ನೂ ಬೇರೆ ಹೆಸರಲ್ಲಿ ಕಳಿಸುತ್ತಿದ್ದರು. ಆ ಹಳೆ ಮಣ್ಣಿನ ಅಂಕಿ ವರ್ಷದಿಂದ ವರ್ಷಕ್ಕೆ 0.05ರಷ್ಟು ಮೇಲೆ ಕೆಳಗೆ ಆಡಿತು. ಅದಕ್ಕಿಂತ ಸಣ್ಣ ಏರಿಕೆಯನ್ನು ಏರಿಕೆ ಎನ್ನಬಾರದು ಎಂಬ ಗಡಿ ಹಾಗೆ ಸಿಕ್ಕಿತು.

ಶೇಕಡಾ ಅಂಕಿಯಿಂದ ಟನ್ನಿಗೆ ಬರಲು ಮಣ್ಣಿನ ಸಾಂದ್ರತೆ ಬೇಕು. ಐದು ಸೆಂಟಿಮೀಟರ್ ವ್ಯಾಸ, ಐದು ಸೆಂಟಿಮೀಟರ್ ಎತ್ತರದ ಉಕ್ಕಿನ ಬಳೆ 98 ಘನ ಸೆಂಟಿಮೀಟರ್ ಮಣ್ಣು ಹಿಡಿಯುತ್ತದೆ. ಒಲೆಯಲ್ಲಿ 105 ಡಿಗ್ರಿಗೆ ಒಣಗಿಸಿ ತೂಗಿದರೆ ಮುಗಿಯಿತು. ಎರೆ ಹಸಿಯಾದಾಗ ಉಬ್ಬಿ ಒಣಗಿದಾಗ ಕುಗ್ಗುವುದರಿಂದ ಈ ಬಳೆಯ ಕೆಲಸ ಏಪ್ರಿಲಿನಲ್ಲಿ ಅಲ್ಲ, ಪ್ರತಿ ಸಲ ನವೆಂಬರಿನ ಹದದಲ್ಲೇ ಆಗಬೇಕು. ಲೆಕ್ಕ ಹೀಗೆ: ಇಂಗಾಲದ ಶೇಕಡಾ, ಗುಣಿಸು ಸಾಂದ್ರತೆ, ಗುಣಿಸು ಆಳದ ಸೆಂಟಿಮೀಟರ್, ಬಂದದ್ದು ಹೆಕ್ಟೇರಿಗೆ ಟನ್. ಎರೆಗೆ 2016ರಲ್ಲಿ 0.38 × 1.25 × 15, ಸುಮಾರು 7.1 ಟನ್.

ತಿಪ್ಪೆಯ ತಿರುವು

ಮೊದಲ ಗಟ್ಟಿ ನಿರ್ಧಾರ ಬಂದದ್ದು ಸೊಸೆಯಿಂದ. ಗೊಬ್ಬರ ಮಾರುವುದು ನಿಲ್ಲಬೇಕಾದರೆ ಆ ಹಣದ ದಾರಿ ಬೇರೆ ಆಗಬೇಕಿತ್ತು, ಕುಳ್ಳು ನಿಲ್ಲಬೇಕಾದರೆ ಉರುವಲಿನ ದಾರಿ. “ಮಾವಾರ, ಕುಳ್ಳು ತಟ್ಟೂದು ಬಿಡ್ತೀನಿ. ಸಿಲಿಂಡರ್ ತುಂಬಸೂ ರೊಕ್ಕ ಹಾಲಿನ ಬಿಲ್ಲಿನಾಗ ಹಿಡೀರಿ, ಗೊಬ್ಬರ ಮಾರೂದು ಬ್ಯಾಡ” ಎಂದಳು. ಹಾಲಿನ ಲೆಕ್ಕ ಅವಳ ಕೈಯಲ್ಲೇ ಇದ್ದುದರಿಂದ ಮಾತು ನಡೆಯಿತು. ಇಂಗಾಲದ ಯೋಜನೆ ಬರೆಯುವವರು ಇದನ್ನು ಬಿಟ್ಟುಬಿಡುತ್ತಾರೆ: ಸಗಣಿ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವರು ಸಭೆಗೆ ಬಂದು ಕೂರುವ ಯಜಮಾನರಲ್ಲ.

ಕೊಟ್ಟಿಗೆಯ ನೆಲಕ್ಕೆ ಕಲ್ಲು ಹಾಸಿ, ಮೂತ್ರ ಹರಿಯಲು ಇಳಿಜಾರಿನ ಗಟಾರ ಮಾಡಿ, ಕೊನೆಯಲ್ಲಿ ಒಂದು ಡ್ರಮ್ ಹೂಳಿದರು. ತಿಪ್ಪೆಗೆ ನಾಡೆಪ್ ಮಾದರಿಯ ತೊಟ್ಟಿ, ಹತ್ತಡಿ ಉದ್ದ, ಆರಡಿ ಅಗಲ, ಮೂರಡಿ ಎತ್ತರ, ಗಾಳಿಯಾಡಲು ಇಟ್ಟಿಗೆ ಬಿಟ್ಟು ಕಟ್ಟಿದ್ದು. ಯವತಮಾಳ ಜಿಲ್ಲೆಯ ಪುಸದಿನ ನಾರಾಯಣ ದೇವತಾವ್ ಪಾಂಢರಿಪಾಂಡೆಯವರು ರೂಪಿಸಿದ ಈ ತೊಟ್ಟಿಯ ಗುಣ ಏನೆಂದರೆ ಸಗಣಿ ಕಡಿಮೆ ಸಾಕು. ಒಂದು ತುಂಬಿಗೆ ಕಸಕಡ್ಡಿ 1400–1500 ಕಿಲೋ, ಸಗಣಿ 90–100 ಕಿಲೋ, ಜರಡಿ ಹಿಡಿದ ಮಣ್ಣು 1750 ಕಿಲೋ, ನೀರು 1500–2000 ಲೀಟರ್. ಬೇಸಿಗೆಯಲ್ಲಿ ಆ ನೀರೇ ಇಲ್ಲಿ ತೊಡಕು. ಹಾಗಾಗಿ ತೊಟ್ಟಿ ತುಂಬುವುದನ್ನು ಜುಲೈಗೆ ತಂದರು. ಡಿಸೆಂಬರ್ ಹೊತ್ತಿಗೆ ಮಾಗಿ, ಮುಂದಿನ ಮುಂಗಾರಿಗೆ ಸಿದ್ಧ.

ಮೊದಲ ತುಂಬು ಕೆಟ್ಟಿತು. ತೊಗರಿ ಕಟ್ಟಿಗೆಯನ್ನು ಗೇಣುದ್ದ ಹಾಗೇ ಹಾಕಿದ್ದರು, ಆರು ತಿಂಗಳಾದರೂ ಕೊಳೆಯಲಿಲ್ಲ, ಗೊಣ್ಣೆಹುಳು ತುಂಬಿತು. ಅರೆಬೆಂದ ಗೊಬ್ಬರ ಬಿದ್ದ ಕಡೆ ಜೋಳ ಒಂದು ತಿಂಗಳು ಹಳದಿ ತಿರುಗಿ ನಿಂತಿತು. ಕಣಿಕೆಯಲ್ಲಿ ಒಂದು ಪಾಲು ಸಾರಜನಕಕ್ಕೆ ಎಪ್ಪತ್ತು ಎಂಬತ್ತು ಪಾಲು ಇಂಗಾಲ ಇರುತ್ತದೆ. ಕೊಳೆಸುವ ಜೀವಾಣುಗಳು ಕೊರತೆಯ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಂಡು ಬೆಳೆಯನ್ನು ಉಪವಾಸ ಕೆಡವುತ್ತವೆ. ಎರಡನೆಯ ತುಂಬಿನಿಂದ ಎಲ್ಲವನ್ನೂ ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟು ಎರಡು ಅಂಗುಲಕ್ಕೆ ಕತ್ತರಿಸಿದರು. ದನ ಬಿಟ್ಟ ಮೇವು, ತೊಗರಿ ಹೊಟ್ಟು, ಬದುವಿನ ಸೊಪ್ಪು ಬೆರೆಸಿ, ಡ್ರಮ್ಮಿನ ಮೂತ್ರ ಚಿಮುಕಿಸಿ ಆ ಅನುಪಾತವನ್ನು 30ರ ಹತ್ತಿರಕ್ಕೆ ತಂದರು. ಹೊಲಕ್ಕೆ ಒಯ್ದ ದಿನವೇ ಹರಡಿ ಅದೇ ದಿನ ಕುಂಟೆ ಹೊಡೆಯುವುದು ನೇಮವಾಯಿತು.

ಕಟ್ಟಿಗೆಯ ಒಂದು ಪಾಲನ್ನು ಇದ್ದಿಲು ಮಾಡುವ ಪ್ರಯತ್ನವೂ ಆಯಿತು. ಮೇಲೆ ಐದಡಿ ಅಗಲ, ಬುಡಕ್ಕೆ ಕಿರಿದಾದ ಗುಂಡಿ. ತಳದಲ್ಲಿ ಬೆಂಕಿ ಹಚ್ಚಿ, ಮೇಲೆ ಬಿಳಿ ಬೂದಿ ಕಾಣಿಸಿದ ಕೂಡಲೇ ಮುಂದಿನ ಪದರ. ಉರಿ ಮೇಲಿದ್ದರೆ ಕೆಳಗಿನದಕ್ಕೆ ಗಾಳಿ ಸಿಗದೆ ಇದ್ದಿಲಾಗುತ್ತದೆ. ನೂರು ಕಿಲೋ ಒಣ ಕಟ್ಟಿಗೆಗೆ ಇಪ್ಪತ್ತರಿಂದ ಇಪ್ಪತ್ತೈದು ಕಿಲೋ. ಮೊದಲ ಸಲ ನಾಲ್ಕು ಕೊಡ ನೀರು ಹಾಕಿ ಆರಿತೆಂದು ಬಿಟ್ಟರು. ರಾತ್ರಿ ಒಳಗಿನ ಕೆಂಡ ಎದ್ದು ಬೆಳಗಾಗುವಷ್ಟರಲ್ಲಿ ಎಲ್ಲ ಬೂದಿ. ಗುಂಡಿಯ ತಳದಿಂದ ನೀರು ಉಕ್ಕಿ ಬರುವ ತನಕ ಹಾಕಬೇಕು, ಕೆದಕಿ ಮತ್ತೆ ಹಾಕಬೇಕು. ಇದ್ದಿಲನ್ನು ನೇರ ಹೊಲಕ್ಕೆ ಹಾಕಲಿಲ್ಲ, ಅದು ಸರಿ. ರಸಸಾರ 8.3 ಇರುವ ನೆಲಕ್ಕೆ ಬರಿ ಇದ್ದಿಲಿನಿಂದ ಲಾಭಕ್ಕಿಂತ ಕಿರಿಕಿರಿಯೇ ಹೆಚ್ಚು. ಕುಟ್ಟಿ ಪುಡಿ ಮಾಡಿ ಕೊಟ್ಟಿಗೆಯಲ್ಲಿ ದನದ ಹಿಂಗಾಲ ಬಳಿ ಹಾಸಿದರು. ಮೂತ್ರ ಹೀರಿ ತೊಟ್ಟಿಗೆ ಹೋಯಿತು. ವಾಸನೆ ಇಳಿದದ್ದು ಸೊಸೆಗೆ ಮೊದಲು ಗೊತ್ತಾಯಿತು.

2018: ಸೆಣಬು ಕುಡಿದ ನೀರು

ಹಿಂಗಾರಿ ಜೋಳದ ಎರೆಯನ್ನು ಜೂನಿನಿಂದ ಸೆಪ್ಟೆಂಬರ್ ತನಕ ಖಾಲಿ ಬಿಟ್ಟು ನಾಲ್ಕೈದು ಸಲ ಹರಗುವುದು ಇಲ್ಲಿನ ರೂಢಿ. ಕಸ ಸಾಯುತ್ತದೆ, ಬಿರುಕು ಮುಚ್ಚುತ್ತದೆ, ನೀರು ಇಳಿಯುತ್ತದೆ. ಇದು ಮೂಢನಂಬಿಕೆಯಲ್ಲ, 1923ರಲ್ಲಿ ಪುಣೆ ಬಳಿಯ ಮಾಂಜರಿಯಲ್ಲಿ ಶುರುವಾಗಿ 1930ರ ದಶಕದಲ್ಲಿ ಸೊಲ್ಲಾಪುರ, ವಿಜಯಪುರಕ್ಕೆ ಬಂದ ಒಣಬೇಸಾಯ ಸಂಶೋಧನೆಯೂ ಬದು, ಹರಗುವಿಕೆ, ತೇವ ಉಳಿಸುವುದರ ಸುತ್ತಲೇ ಬೆಳೆದದ್ದು. ಆದರೆ ಇಂಗಾಲದ ಕಡೆಯಿಂದ ನೋಡಿದರೆ ಇದರಷ್ಟು ದುಬಾರಿ ಕೆಲಸ ಇನ್ನೊಂದಿಲ್ಲ. ಬೆಚ್ಚಗೆ ಒದ್ದೆಯಾಗಿರುವ ನಾಲ್ಕು ತಿಂಗಳು ನೆಲದಲ್ಲಿ ಒಂದೂ ಜೀವಂತ ಬೇರಿಲ್ಲ, ಮೇಲೆ ಮರೆಯಿಲ್ಲ, ಪ್ರತಿ ಕುಂಟೆಗೂ ಹೊಸ ಗಾಳಿ.

2017ರಲ್ಲಿ ಎರಡು ಎಕರೆ ಎರೆಗೆ ಹಸಿರು ಗೊಬ್ಬರಕ್ಕೆಂದು ಎಕರೆಗೆ 20 ಕಿಲೋ ಸೆಣಬು ಬಿತ್ತಿ, 45 ದಿನಕ್ಕೆ ಮಣ್ಣಿಗೆ ಸೇರಿಸಿದರು. ಆಗಸ್ಟ್–ಸೆಪ್ಟೆಂಬರಿನ ಮಳೆ ಕೈ ಹಿಡಿಯಿತು, ಜೋಳ ಚೆನ್ನಾಗಿ ಬಂತು. 2018ರಲ್ಲೂ ಅದೇ ಎರಡು ಎಕರೆ. ಜೂನಿನ ಮಳೆಗೆ ಸೆಣಬು ಎದ್ದಿತು, ಆಮೇಲೆ ಮಳೆ ಕೈಕೊಟ್ಟಿತು. ಒಣ ನೆಲಕ್ಕೆ ಸೇರಿಸಿದರೆ ಕೊಳೆಯುವುದಿಲ್ಲ ಎಂದು ಮಳೆಗೆ ಕಾದರು. 65 ದಿನಕ್ಕೆ ಕಾಂಡ ನಾರಾಯಿತು, ಬೇರು ಎರಡಡಿ ತನಕ ತೇವ ಹೀರಿತು. ಕೊನೆಗೆ ಒಣ ನೆಲಕ್ಕೇ ಟ್ರಾಕ್ಟರ್ ಬಿಟ್ಟರು. ನೆಲ ಪೊಳ್ಳಾಯಿತು, ಕೂರಿಗೆ ಬೀಜ ಮಣ್ಣಿಗೆ ಅಂಟಲಿಲ್ಲ. ಅಕ್ಟೋಬರ್ 31ಕ್ಕೆ ರಾಜ್ಯ ಸರ್ಕಾರ 151 ತಾಲೂಕುಗಳನ್ನು ಬರಪೀಡಿತ ಎಂದು ಸಾರಿತು. ಸೆಣಬಿನ ತಾಕಿನಲ್ಲಿ ಜೋಳ ಎಕರೆಗೆ 1.1 ಕ್ವಿಂಟಲ್, ಪಕ್ಕದ ಬೀಳು ಬಿಟ್ಟ ತಾಕಿನಲ್ಲಿ 2.6.

“ಮಳಿ ಹ್ವಾದ ಮ್ಯಾಲ ಹೊಲದಾಗ ಉಳಿಯೂದು ನೀರು ಒಂದ. ಅದನ್ನ ನೀ ಸೆಣಬಿಗೆ ಕುಡಸಿದಿ. ಜ್ವಾಳಕ್ಕ ಏನ್ ಕುಡಸ್ತಿ?” ಹಿರಿಯರು ಕೇಳಿದ ಈ ಪ್ರಶ್ನೆಗೆ ಕೃಷಿ ವಿಜ್ಞಾನದಲ್ಲೂ ನೇರ ಉತ್ತರವಿಲ್ಲ. ಮಗ ಅಂದದ್ದು ಇಷ್ಟೇ: “ಇನ್ನ ಮ್ಯಾಲ ದಿನಾ ಎಣಿಸಿ ಕಡಿತೀನಿ, ಅಪ್ಪಾ.”

ಯೋಜನೆ ಇಲ್ಲಿಗೇ ನಿಲ್ಲುವುದರಲ್ಲಿತ್ತು. ಮೇವಿನ ಬೆಲೆ ಏರಿ ಎರಡು ಆಕಳು ಮಾರಿದರು, ಆ ವರ್ಷ ತೊಟ್ಟಿ ಅರ್ಧ ತುಂಬಿತು. ಉಳಿಸಿದ್ದು ಅಪ್ಪ ಮಗ ಕೂಡಿ ಮಾಡಿಕೊಂಡ ಒಪ್ಪಂದ. ಎರೆಯಲ್ಲಿ ಹಸಿರು ಗೊಬ್ಬರ ಮೂರರಲ್ಲಿ ಒಂದು ಪಾಲಿಗೆ ಮಾತ್ರ, ಜಾಗ ಪ್ರತಿ ವರ್ಷ ಬದಲು. ಜುಲೈ 5ರೊಳಗೆ ಕಬ್ಬಿಣದ ಸಲಾಕೆ ಕೈಬಲಕ್ಕೆ ಒಂದಡಿ ಇಳಿದರೆ ಬಿತ್ತನೆ, ಇಳಿಯದಿದ್ದರೆ ಆ ವರ್ಷ ಇಲ್ಲ. ಹೂ ಬರಲಿ ಬಿಡಲಿ, ಮಳೆ ಇರಲಿ ಬಿಡಲಿ, ಆಗಸ್ಟ್ 15ರೊಳಗೆ ಕಡಿಯುವುದು. ನೆಲ ಒಣಗಿದ್ದರೆ ಮಣ್ಣಿಗೆ ಸೇರಿಸದೆ ಮೇಲೆ ಹಾಸಿ ಬಿಡುವುದು ಅಥವಾ ತೊಟ್ಟಿಗೆ ಒಯ್ಯುವುದು. ಉಳಿದ ಎರೆಯಲ್ಲಿ ಹರಗುವುದು ಎರಡೇ ಸಲ, ಜೂನಿನಲ್ಲೇ ಮಳೆನೀರು ನಿಲ್ಲಿಸಲು ಹತ್ತಡಿ ಚೌಕುಮಡಿ. ಮಧ್ಯಮ ಮಣ್ಣಿನಲ್ಲಿ ಸೆಣಬಿನ ಬದಲು 65 ದಿನದ ಹೆಸರು; ಕಾಯಿ ಬಿಡಿಸಿಕೊಂಡು ಬಳ್ಳಿ ಹೊಲಕ್ಕೆ. ಕೈಗೆ ಕಾಳು ಬರುವ ಬೆಳೆಗೆ ಹಿರಿಯರ ತಕರಾರು ಇರಲಿಲ್ಲ.

ಬೇಸಿಗೆಯ ಆಳದ ಟ್ರಾಕ್ಟರ್ ನೇಗಿಲನ್ನೂ ನಿಲ್ಲಿಸಿದ್ದರು. ಮೂರನೆಯ ವರ್ಷಕ್ಕೆ ಕರಿಕೆ ಹುಲ್ಲು ಎರೆಯ ಕೆಳಗಿನ ಮೂಲೆಯನ್ನು ಪೂರ್ತಿ ಹಿಡಿಯಿತು. ಈಗ ಕರಿಕೆ ಕಂಡ ತುಂಡಿಗಷ್ಟೇ ನೇಗಿಲು, ಅದೂ ಏಪ್ರಿಲಿನ ಬಿಸಿಲಿಗೆ.

ಬದು, ಮಡ್ಡಿ, ಒಂದು ರಾತ್ರಿಯ ಮಳೆ

ಬದುವಿಗೆ ಸುಬಾಬುಲ್ ಹಾಕಬೇಕೆಂದು ಮೊದಲ ಮಾತು. ಆದರೆ ಬಿಡಾಡಿ ದನ, ಆಡು ಅದನ್ನು ಏಳಗೊಡುವುದಿಲ್ಲ. ಬೆಳೆದರೂ ಮಿಮೋಸಿನ್ ಎಂಬ ವಿಷ ಇರುವುದರಿಂದ ಮೇವಿನ ಮೂರರಲ್ಲಿ ಒಂದು ಪಾಲು ಮೀರಿ ತಿನ್ನಿಸುವಂತಿಲ್ಲ. ಬೀಜ ಉದುರಿ ಹೊಲಕ್ಕೆ ನುಗ್ಗುವುದು ಬೇರೆ. ಗ್ಲಿರಿಸಿಡಿಯಾದ ವಾಸನೆಗೆ ದನ ಸುಲಭಕ್ಕೆ ಬಾಯಿ ಹಾಕುವುದಿಲ್ಲ, ಇಲ್ಲಿ ಅದೇ ಗುಣ. 600 ಮೀಟರ್ ಬದುವಿಗೆ ಮೀಟರಿಗೊಂದರಂತೆ ತುಂಡು ನೆಟ್ಟು, ಮೂರನೆಯ ವರ್ಷದಿಂದ ಸೊಂಟದೆತ್ತರಕ್ಕೆ ಕಡಿದು ಸೊಪ್ಪನ್ನು ಜೋಳದ ಸಾಲಿಗೆ ಹಾಸಿದರು. 2018ರ ಬೇಸಿಗೆಯಲ್ಲಿ ಮೂರರಲ್ಲಿ ಒಂದು ಪಾಲು ಒಣಗಿ ಮತ್ತೆ ನೆಡಬೇಕಾಯಿತು.

ಮಡ್ಡಿಯ ಕಥೆ ಚಿಕ್ಕದು, ಫಲ ದೊಡ್ಡದು. ಉಳುಮೆ ಪೂರ್ತಿ ನಿಲ್ಲಿಸಿ ಮಾರ್ವೆಲ್ ಹುಲ್ಲು, ನಡುವೆ ಸ್ಟೈಲೋ ಎಂಬ ದ್ವಿದಳ ಮೇವು ಬಿತ್ತಿದರು. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಆಸುಪಾಸಿನ ನೀರಲ್ಲಿ ನಾಲ್ಕೈದು ನಿಮಿಷ ಅದ್ದದೆ ಬಿತ್ತಿದರೆ ಮೊಳಕೆ ವಿರಳ. ಎರಡು ವರ್ಷ ಆಡು ಬಿಡದೆ ಕೊಯ್ದು ತಂದು ಹಾಕಿದರು. ಹುರುಳಿಯ ಆದಾಯ ಹೋಯಿತು, ಮೇವು ಕೊಳ್ಳುವ ಖರ್ಚು ಅದಕ್ಕಿಂತ ಹೆಚ್ಚು ಇಳಿಯಿತು.

2020ರ ಅಕ್ಟೋಬರ್ 14ರ ಮಳೆ ಈ ಭಾಗದವರಿಗೆ ನೆನಪಿದೆ. ಎರೆಯ ಚೌಕುಮಡಿಗಳು ತುಂಬಿ ನಿಂತವು, ಒಡೆಯಲಿಲ್ಲ. ಮಧ್ಯಮ ಮಣ್ಣಿನ ಬದುವಿಗೆ ಮಾತ್ರ ಕಲ್ಲಿನ ಕೋಡಿ ಕಟ್ಟಿರಲಿಲ್ಲ. ಇಲಿ ಬಿಲವಿದ್ದ ಮೂಲೆ ಕಿತ್ತು, 15 ಗುಂಟೆಯ ಮೇಲಿನ ಮೂರು ಅಂಗುಲ ಮಣ್ಣು ಹಳ್ಳ ಸೇರಿತು. ಲೆಕ್ಕ ಹಾಕಿದರೆ ಅರ್ಧ ಟನ್ನಿಗೂ ಮಿಕ್ಕಿದ ಇಂಗಾಲ. ಇಡೀ 14 ಎಕರೆ ಒಂದು ವರ್ಷದಲ್ಲಿ ಕೂಡಿಹಾಕುವುದರ ಮೂರನೆಯ ಒಂದು ಪಾಲು ಒಂದೇ ರಾತ್ರಿಗೆ. ಕೋಡಿಯ ಕಲ್ಲಿಗೆ ಆಗುತ್ತಿದ್ದ ಖರ್ಚು ಒಂದು ಟ್ರಾಲಿ ಕಾಂಪೋಸ್ಟಿನಷ್ಟು.

2023ರ ಏಪ್ರಿಲಿನ ಅಂಕಿ

ಎರೆ 0.38ರಿಂದ 0.46. ಮಧ್ಯಮ 0.31ರಿಂದ 0.42. ಮಡ್ಡಿ 0.44ರಿಂದ 0.63. ಇವೆಲ್ಲ ಮೇಲಿನ 15 ಸೆಂಟಿಮೀಟರಿನದು. ಅದರ ಕೆಳಗೆ 0.05ರ ಗಡಿ ದಾಟಿದ ಬದಲಾವಣೆ ಎಲ್ಲೂ ಇಲ್ಲ. ಟನ್ನಿನಲ್ಲಿ ಎರೆಗೆ ಹೆಕ್ಟೇರಿಗೆ 1.5, ಮಧ್ಯಮಕ್ಕೆ 2.2. ಮಡ್ಡಿಗೆ ಮೇಲ್ನೋಟಕ್ಕೆ 4.1 ಬರುತ್ತದೆ, ಆದರೆ ಅಲ್ಲಿ ಗಾತ್ರದ ಶೇ. 30 ಬರಿ ಗರಸು, ಕಲ್ಲಿನಲ್ಲಿ ಸಾವಯವ ಇಂಗಾಲವಿಲ್ಲ, ಕಳೆದರೆ 2.9. ಒಟ್ಟು 14 ಎಕರೆಗೆ ಏಳು ವರ್ಷದಲ್ಲಿ 11.6 ಟನ್, ಹೆಕ್ಟೇರಿಗೆ ವರ್ಷಕ್ಕೆ 0.3 ಟನ್ನಿನ ಹತ್ತಿರ. ಹೈದರಾಬಾದ್ ಬಳಿಯ ಪತಂಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ 1976ರಿಂದ ನಡೆದ ಎರೆಭೂಮಿಯ ಪ್ರಯೋಗದಲ್ಲೂ ಸುಧಾರಿತ ಪದ್ಧತಿಗೆ 24 ವರ್ಷದಲ್ಲಿ ಹೆಕ್ಟೇರಿಗೆ 7.3 ಟನ್ ಹೆಚ್ಚುವರಿ ಸಿಕ್ಕಿದ್ದು, ಅಂದರೆ ಇದೇ ವೇಗ. ಎರಡು ವರ್ಷದಲ್ಲಿ ಶೇ. 1ಕ್ಕೆ ಏರಿಸುತ್ತೇವೆ ಎನ್ನುವ ಡಬ್ಬಿ, ಬಾಟಲಿಗಳನ್ನು ಈ ಅಂಕಿಯ ಪಕ್ಕಕ್ಕಿಟ್ಟು ನೋಡಬೇಕು.

ಎರೆಯ 0.08 ಗಡಿಯನ್ನು ಸ್ವಲ್ಪವೇ ದಾಟಿದೆ. ಪ್ರಯೋಗಾಲಯಕ್ಕಿಂತ ಚೆನ್ನಾಗಿ ಅದನ್ನು ತೋರಿಸಿದ್ದು ನೀರಿನ ಲೋಟ. ಅಂಗೈಯಲ್ಲಿ ಒಣಗಿಸಿದ ಗೋಲಿಗಾತ್ರದ ಹೆಂಟೆಯನ್ನು ಚಹಾ ಸೋಸುವ ಜರಡಿಯಲ್ಲಿಟ್ಟು ನೀರಿಗೆ ಮೆಲ್ಲಗೆ ಇಳಿಸಿದರೆ, ಪಕ್ಕದ ಹೊಲದ ಹೆಂಟೆ ಗುಳುಗುಳು ಗುಳ್ಳೆ ಬಿಟ್ಟು ನಿಮಿಷದೊಳಗೆ ಕೆಸರಾಗುತ್ತದೆ. ಸೆಣಬಿನ ಸರದಿ ಎರಡು ಸಲ ಬಂದ ತಾಕಿನ ಹೆಂಟೆ ಅಂಚು ಸವೆದರೂ ಹತ್ತು ನಿಮಿಷ ನಿಲ್ಲುತ್ತದೆ, ಒಡೆದು ನೋಡಿದರೆ ಕೂದಲಿನಂಥ ಬೇರು ಅದನ್ನು ಹಿಡಿದಿರುತ್ತದೆ. ಮೊದಲ ಮಳೆಗೆ ಹೆಪ್ಪುಗಟ್ಟುವುದು ಕಡಿಮೆಯಾದದ್ದು ಇದರಿಂದ. 2023ರ ಹಿಂಗಾರಿ ಮತ್ತೆ ಬರ. 40 ತಾಲೂಕುಗಳ ಪಟ್ಟಿಯಲ್ಲಿ ಜಿಲ್ಲೆಯ ಈ ಪೂರ್ವ ಭಾಗವೂ ಇತ್ತು. ಆ ವರ್ಷ ಎರೆ ಎಕರೆಗೆ 3.1 ಕ್ವಿಂಟಲ್ ಕೊಟ್ಟಿತು. 2018ರ 2.6ಕ್ಕಿಂತ ಹೆಚ್ಚು ನಿಜ, ಆದರೆ ಎರಡು ಬರಗಳ ಮಳೆ ಬಿದ್ದ ದಿನಗಳೇ ಬೇರೆ. ಎಲ್ಲವನ್ನೂ ಇಂಗಾಲದ ಖಾತೆಗೆ ಬರೆಯಲಾಗದು.

ಅದೇ ವರ್ಷ ಇಂಗಾಲದ ಕ್ರೆಡಿಟ್, ಅಂದರೆ ಮಣ್ಣಿನಲ್ಲಿ ಹಿಡಿದಿಟ್ಟ ಇಂಗಾಲಕ್ಕೆ ಹಣ, ಕೊಡಿಸುವ ಮಧ್ಯವರ್ತಿಯೊಬ್ಬರು ಬಂದರು. ಅವರು ಮಾಡಿಸಿದ ಪರೀಕ್ಷೆಯಲ್ಲಿ ಎರೆಯ ಇಂಗಾಲ 1.5! ಮಣ್ಣನ್ನು ಪೂರ್ತಿ ಸುಟ್ಟು ಅಳೆಯುವ ಯಂತ್ರ ಸುಣ್ಣದ ಇಂಗಾಲವನ್ನೂ ಸೇರಿಸುತ್ತದೆ, ಸುಣ್ಣದಲ್ಲಿ ಶೇ. 12 ಇಂಗಾಲ, ಶೇ. 9 ಸುಣ್ಣವಿರುವ ಮಣ್ಣಿನಲ್ಲಿ ಅದೊಂದರಿಂದಲೇ 1.08. ಆಮ್ಲ ಹಾಕಿ ಸುಣ್ಣ ಕಳೆಯದೆ ಸುಟ್ಟರೆ ಹೀಗಾಗುತ್ತದೆ. ಸರ್ಕಾರಿ ಚೀಟಿಯ ವಾಕ್ಲಿ–ಬ್ಲ್ಯಾಕ್ ಎಂಬ ರಾಸಾಯನಿಕ ವಿಧಾನಕ್ಕೆ ಈ ತೊಡಕಿಲ್ಲ, ಆದ್ದರಿಂದ ಎರಡರ ಅಂಕಿಯನ್ನು ಒಂದರ ಪಕ್ಕ ಒಂದು ಇಡುವಂತಿಲ್ಲ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಮಗ ಇನ್ನೊಂದು ಲೆಕ್ಕ ಬರೆದ. ವರ್ಷಕ್ಕೆ 1.66 ಟನ್ ಇಂಗಾಲ, 3.67ರಿಂದ ಗುಣಿಸಿದರೆ 6 ಟನ್ ಇಂಗಾಲದ ಡೈಆಕ್ಸೈಡ್. ಇನ್ನು ಕೊಟ್ಟಿಗೆ: ಹೈನಿನ ಆಕಳಿಗೆ ವರ್ಷಕ್ಕೆ 58 ಕಿಲೋ, ಎಮ್ಮೆಗೆ 55, ಎತ್ತಿಗೆ 27 ಕಿಲೋ ಮೀಥೇನ್ ಎಂಬುದು ಅಂತರರಾಷ್ಟ್ರೀಯ ಲೆಕ್ಕದವರು 2006ರಲ್ಲಿ ನಮ್ಮ ಉಪಖಂಡಕ್ಕೆ ಹಿಡಿದ ಅಂದಾಜು. ಮೊದಲಿನ ಏಳು ದನಕ್ಕೆ 338 ಕಿಲೋ. ಇಂಗಾಲದ ಡೈಆಕ್ಸೈಡಿನ ಲೆಕ್ಕಕ್ಕೆ ತರಲು 28ರಿಂದ ಗುಣಿಸಿದರೆ ಒಂಬತ್ತೂವರೆ ಟನ್. ಹೊಲ ಹಿಡಿದದ್ದಕ್ಕಿಂತ ಕೊಟ್ಟಿಗೆ ಬಿಟ್ಟದ್ದು ಹೆಚ್ಚು. ಕೆರೆಯ ಹೂಳು ಮಡ್ಡಿಗೆ ತಂದು ಹಾಕಿದರೆ ಅಂಕಿ ಬೇಗ ಏರುತ್ತದೆ ಎಂದೂ ಮಧ್ಯವರ್ತಿ ಸೂಚಿಸಿದ್ದರು. ಬೆಳೆಗೆ ಒಳ್ಳೆಯದೇ, ಆದರೆ ಕೆರೆಯಲ್ಲಿದ್ದ ಇಂಗಾಲ ಹೊಲಕ್ಕೆ ಜಾಗ ಬದಲಿಸಿತು ಅಷ್ಟೇ, ಹೊಸದಾಗಿ ಏನೂ ಹುಟ್ಟಲಿಲ್ಲ. ಸಹಿ ಆಗಲಿಲ್ಲ. ಕಣಿಕೆ ಮಾರದೆ ಉಳಿಸಿದ್ದರಿಂದ ಮೇ ತಿಂಗಳ ಮೇವಿನ ಬಿಲ್ಲಿನಲ್ಲಿ ಇಳಿದ ಹಣ, ಆ ಕ್ರೆಡಿಟ್ಟಿನಿಂದ ಬರಬಹುದಾದ್ದಕ್ಕಿಂತ ಹೆಚ್ಚಿತ್ತು.

ಈಗ ಮನೆಯಲ್ಲಿ ಎತ್ತಿನ ಚರ್ಚೆ. ಜೋಡಿ ಮುದಿಯಾಗಿದೆ. ಕೊಟ್ಟರೆ ವರ್ಷಕ್ಕೆ 50 ಕ್ವಿಂಟಲಿನ ಆಸುಪಾಸು ಒಣ ಮೇವು ಉಳಿಯುತ್ತದೆ, ಮೀಥೇನ್ ಇಳಿಯುತ್ತದೆ. ಕಣಿಕೆಯ ಒಂದು ಪಾಲನ್ನು ಕತ್ತರಿಸಿ ನೇರ ಸಾಲಿಗೆ ಹಾಸಬಹುದು. ಕೊಡದಿದ್ದರೆ ಸಗಣಿಯ ಕಾಲು ಪಾಲಿಗೂ ಮಿಕ್ಕಿ ಅವುಗಳದ್ದೇ. ಜೊತೆಗೆ ಚೌಕುಮಡಿ ಕಟ್ಟುವುದು, ಎಡೆ ಹೊಡೆಯುವುದು ಹದ ಸಿಕ್ಕ ದಿನವೇ ಆಗುತ್ತದೆ, ಬಾಡಿಗೆ ಟ್ರಾಕ್ಟರ್ ಆ ದಿನ ಸಿಗುವುದಿಲ್ಲ. ಹಿರಿಯರು ಹೊಸ ಜೋಡಿ ನೋಡುತ್ತಿದ್ದಾರೆ, ಮಗ ಸಣ್ಣ ಪವರ್ ಟಿಲ್ಲರಿನ ಬೆಲೆ ಕೇಳಿ ಬಂದಿದ್ದಾನೆ. ಸೊಸೆ ಕೇಳುತ್ತಿರುವುದು ಎರಡೂ ಅಲ್ಲ, 2018ರಲ್ಲಿ ಮಾರಿದ ಆಕಳುಗಳ ಜಾಗಕ್ಕೆ ಒಂದು ಎಮ್ಮೆ.